ಕಣ್ಣು ಅಲ್ಲಿ ನಿಲ್ಲದಿದ್ದರೆ ಸಾಕು

ಗಾಯದ ಕಲೆ ಮುಚ್ಚುವುದನ್ನು ಕಲಿಯುವ ಮೊದಲು ನಾನು ಗಾಯದ ಕಲೆ ಬರೆಯುವುದನ್ನು ಕಲಿತವಳು. ನಾಟಕದಲ್ಲಿ ಸೈನಿಕನೋ ದರೋಡೆಕೋರನೋ ಬಂದರೆ ಅವನ ಕೆನ್ನೆಯ ಮೇಲೆ ಹಳೆಯ ಕತ್ತಿಯೇಟು ಬೇಕು. ಅದಕ್ಕೆ ಕೊಲೋಡಿಯನ್ ಎಂಬ ದ್ರವವಿದೆ. ಸಣ್ಣ ಬ್ರಷ್‌ನಿಂದ ಒಂದು ಗೆರೆ ಎಳೆದು ಒಣಗಲು ಬಿಟ್ಟರೆ ಅದು ಕುಗ್ಗುತ್ತಾ ಚರ್ಮವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲೆ ಇನ್ನೆರಡು ಪದರ ಕೊಟ್ಟರೆ ಕೆನ್ನೆಯಲ್ಲಿ ನಿಜವಾದ ಹಳ್ಳವೇ ಬೀಳುತ್ತದೆ. ಇಷ್ಟು ಮಾಡಿದರೂ ಕೊನೆಯ ಸಾಲಿನ ಪ್ರೇಕ್ಷಕ ನಂಬುವುದಿಲ್ಲ. ಹಳ್ಳದ ತಳಕ್ಕೆ ಕಂದುಗೆಂಪು ತುಂಬಬೇಕು, ಅಂಚಿನ ಒಂದು ಬದಿಗೆ ಮಾತ್ರ ನೆರಳು ಕೊಡಬೇಕು, ನಡುವೆ ಒಂದಿಷ್ಟು ಹೊಳಪು ಇಡಬೇಕು. ಆಗ ಸಭೆ ಸುಮ್ಮನಾಗಿ ಅವನ ಕೆನ್ನೆಯನ್ನೇ ನೋಡುತ್ತದೆ.

ಅಂದರೆ ನಮ್ಮ ಕಣ್ಣು ಕಲೆಯನ್ನು ಗುರುತಿಸುವುದು ಮೂರು ಸುಳಿವುಗಳಿಂದ: ಬಣ್ಣ, ನೆರಳು, ಹೊಳಪು. ಇಂದು ನಾನು ಹೇಳುವುದೆಲ್ಲ ಈ ಮೂರರ ಸುತ್ತಲೇ ಇರುತ್ತದೆ. ಮೇಕಪ್ ಬಣ್ಣವನ್ನು ಚೆನ್ನಾಗಿ ತಿದ್ದುತ್ತದೆ. ಹೊಳಪನ್ನು ಅರ್ಧಂಬರ್ಧ ತಿದ್ದುತ್ತದೆ. ನೆರಳಿನ ವಿಷಯದಲ್ಲಿ ಅದರ ಕೈ ಬಹಳ ಗಿಡ್ಡ. ಉಬ್ಬಿದ್ದನ್ನು ತಗ್ಗಿಸುವುದಾಗಲೀ ತಗ್ಗಿದ್ದನ್ನು ಉಬ್ಬಿಸುವುದಾಗಲೀ ಫೌಂಡೇಶನ್‌ನಿಂದ ಆಗುವ ಕೆಲಸವಲ್ಲ. ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ಪಾರ್ಲರ್ ನಡೆಸುವವರು, ಮದುಮಗಳ ಅಲಂಕಾರಕ್ಕೆ ಹೋಗುವವರು. ದಯವಿಟ್ಟು ನಿಮ್ಮ ಬಳಿ ಬಂದವರಿಗೆ ಇದನ್ನು ಮೊದಲೇ ಹೇಳಿ. ‘ಏನೂ ಕಾಣಿಸದ ಹಾಗೆ ಮಾಡಿಕೊಡುತ್ತೇನೆ’ ಎಂಬ ಮಾತು ಕೊಟ್ಟವರು ಆಮೇಲೆ ಆ ಮಾತು ಉಳಿಸಿಕೊಳ್ಳಲು ಪದರದ ಮೇಲೆ ಪದರ ಹಚ್ಚುತ್ತಾ ಹೋಗುತ್ತಾರೆ. ಕಲೆ ಇದ್ದ ಜಾಗದಲ್ಲಿ ಆಮೇಲೆ ಒಂದು ತೇಪೆ ಕಾಣಿಸುತ್ತದೆ. ಕಲೆಗಾದರೂ ಒಂದು ಕಥೆ ಇರುತ್ತದೆ, ತೇಪೆಗೆ ಅದೂ ಇಲ್ಲ.

ನನ್ನ ಗುರಿ ಅದಕ್ಕಿಂತ ಸಣ್ಣದು. ಎದುರಿಗೆ ಕುಳಿತು ಮಾತನಾಡುವವರ ಕಣ್ಣು ಆ ಜಾಗಕ್ಕೆ ಬಂದಾಗ ಅಲ್ಲಿ ನಿಲ್ಲದೆ ಮುಂದಕ್ಕೆ ಹೋಗಬೇಕು. ಹತ್ತಿರ ಬಂದು ಹುಡುಕಿದರೆ ಕಲೆ ಸಿಗಲಿ, ತೊಂದರೆಯಿಲ್ಲ. ಹುಡುಕದವರಿಗೆ ಸಿಗಬಾರದು, ಅಷ್ಟೆ.

ಚರ್ಮದ ವಿಷಯಕ್ಕೆ ಬರೋಣ. ಗಾಯ ಆಳಕ್ಕೆ ಹೋದಾಗ ದೇಹ ಅವಸರದಲ್ಲಿ ಕೊಲಾಜನ್ ಎಂಬ ನಾರಿನಿಂದ ಅದನ್ನು ಹೊಲಿದುಬಿಡುತ್ತದೆ. ಮೊದಲಿದ್ದ ನೇಯ್ಗೆ ಮರಳಿ ಬರುವುದಿಲ್ಲ. ಆ ಜಾಗದಲ್ಲಿ ರಂಧ್ರಗಳಿಲ್ಲ, ಕೂದಲಿನ ಬುಡವಿಲ್ಲ, ಬೆವರಿನ ಗ್ರಂಥಿಯಿಲ್ಲ, ಎಣ್ಣೆಯ ಗ್ರಂಥಿಯೂ ಇಲ್ಲ. ಹಾಗಾಗಿಯೇ ಹಳೆಯ ಸುಟ್ಟ ಕಲೆ ಒಣಗಿರುತ್ತದೆ, ಆದರೂ ಮಿರಮಿರನೆ ಹೊಳೆಯುತ್ತದೆ. ಸುತ್ತಲಿನ ಚರ್ಮದ ಸಣ್ಣ ಗೆರೆಗಳು, ಗುಳಿಗಳು ಬೆಳಕನ್ನು ಚದುರಿಸುತ್ತವೆ. ಕಲೆಯ ನುಣುಪಾದ ಮೈ ಅದನ್ನು ನೇರವಾಗಿ ಹಿಂದಕ್ಕೆ ಎಸೆಯುತ್ತದೆ. ಬಣ್ಣ ಎಷ್ಟೇ ಸರಿಯಾಗಿ ಹೊಂದಿಸಿದರೂ ಪಕ್ಕಕ್ಕೆ ತಿರುಗಿದಾಗ ಕಲೆ ಮಿನುಗಿ ಸಿಕ್ಕಿಬೀಳುವುದು ಇದರಿಂದಲೇ. ಅಲ್ಲಿ ಕೂದಲಿನ ಬುಡವಿಲ್ಲ, ರಂಧ್ರವಿಲ್ಲ, ಆದ್ದರಿಂದ ಕ್ರೀಮ್‌ಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅದು ಜಾರುತ್ತದೆ. ಉಜ್ಜಿದರೆ ಇನ್ನೂ ಜಾರುತ್ತದೆ. ಒತ್ತಿ ಕೂರಿಸಬೇಕು.

ಮಾಗದ ಗಾಯವನ್ನು ಮುಟ್ಟಬೇಡಿ. ಗಾಯ ಒಣಗಿದ ಮೇಲೂ ಕಲೆ ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ಬದಲಾಗುತ್ತಲೇ ಇರುತ್ತದೆ: ಮೊದಲು ಕೆಂಪು, ಆಮೇಲೆ ನೇರಳೆ ಅಥವಾ ಕಂದು, ಕೊನೆಗೆ ಬಿಳಿಚು. ಪೂರ್ತಿ ಮುಚ್ಚಿಕೊಂಡ ಚರ್ಮದ ಮೇಲೆ, ವೈದ್ಯರು ಒಪ್ಪಿದ ಮೇಲೆ ಮೇಕಪ್ ಹಚ್ಚಬಹುದು. ಹಸಿ ಇರುವಲ್ಲಿ, ಹುರುಪೆ ಇರುವಲ್ಲಿ, ಸೋರುವಲ್ಲಿ ಬೇಡವೇ ಬೇಡ. ಕಿವಿ ಚುಚ್ಚಿಸಿದ ಜಾಗದಲ್ಲಿ, ಎದೆಯ ನಡುವೆ, ಭುಜದ ಮೇಲೆ ಗಾಯದ ಗಡಿಯನ್ನೂ ಮೀರಿ ಗಂಟಿನಂತೆ ಬೆಳೆಯುವುದನ್ನು ಕೆಲಾಯ್ಡ್ ಎನ್ನುತ್ತಾರೆ. ಅದು ನಮ್ಮ ಕುರ್ಚಿಗೆ ಬರುವ ಮೊದಲು ಚರ್ಮವೈದ್ಯರ ಕುರ್ಚಿಗೆ ಹೋಗಬೇಕು. ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಚುಕ್ಕೆಗಳನ್ನೂ ನಾವು ಕಲೆ ಎಂದೇ ಕರೆಯುತ್ತೇವೆ. ಅಲ್ಲಿ ಚರ್ಮದ ನೇಯ್ಗೆ ಕೆಟ್ಟಿರುವುದಿಲ್ಲ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮಾತ್ರ ಹೆಚ್ಚಾಗಿರುತ್ತದೆ. ಅದನ್ನು ಮುಚ್ಚುವುದು ಎಲ್ಲಕ್ಕಿಂತ ಸುಲಭ, ಮತ್ತು ಹೆಚ್ಚಿನವು ಕಾಲ ಕಳೆದಂತೆ ತಾವೇ ತಿಳಿಯಾಗುತ್ತವೆ.

ಮನೆಮದ್ದಿನ ಬಗ್ಗೆ ಒಂದು ಮಾತು. ಕಲೆಯ ಮೇಲೆ ನಿಂಬೆಹಣ್ಣು ಉಜ್ಜಿ ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ. ನಿಂಬೆಯ ರಸಕ್ಕೆ ಬಿಸಿಲು ಸೇರಿದಾಗ ಬೊಬ್ಬೆ ಏಳುವುದೂ ಉಂಟು, ಅದು ಹೋದ ಮೇಲೆ ಮೊದಲಿಗಿಂತ ದೊಡ್ಡ ಕಪ್ಪು ಗುರುತು ಉಳಿಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ಬೆಳ್ಳಗಾಗಲು ಹಚ್ಚುವ ಸ್ಟಿರಾಯ್ಡ್ ಕ್ರೀಮ್‌ಗಳದ್ದು ಇನ್ನೊಂದು ಕಥೆ. ತಿಂಗಳುಗಟ್ಟಲೆ ಹಚ್ಚಿದ ಮುಖದ ಚರ್ಮ ತೆಳುವಾಗಿ, ನರಗಳು ಕಾಣಿಸಿ, ಏನು ಸೋಕಿದರೂ ಉರಿಯುವ ಸ್ಥಿತಿಗೆ ಬಂದಿರುತ್ತದೆ. ಅಂಥ ಮುಖಕ್ಕೆ ಯಾವ ಕ್ರೀಮ್ ಹಚ್ಚಿದರೂ ಬೈಗುಳ ನಿಮಗೇ. ಮೊದಲು ಕೇಳಿ ತಿಳಿದುಕೊಳ್ಳಿ.

ಈಗ ಬಣ್ಣ. ಹೆಚ್ಚು ಹೊತ್ತು ಇಲ್ಲಿಯೇ ನಿಲ್ಲುತ್ತೇನೆ, ಏಕೆಂದರೆ ನಮ್ಮಲ್ಲಿ ಹೆಚ್ಚಿನ ಕೆಲಸ ಕೆಡುವುದು ಇಲ್ಲಿಯೇ. ಕಂದು ಮೈಬಣ್ಣದ ಹುಡುಗಿಯ ಕೆನ್ನೆಯ ಮೇಲೆ ಕಪ್ಪು ಕಲೆ ಇದೆ ಎಂದುಕೊಳ್ಳಿ. ನಾವು ಏನು ಮಾಡುತ್ತೇವೆ? ಕಪ್ಪಿಗೆ ಬಿಳಿ ಎಂದು ಲೆಕ್ಕ ಹಾಕಿ ಅವಳ ಬಣ್ಣಕ್ಕಿಂತ ಎರಡು ಮೆಟ್ಟಿಲು ಬಿಳಿಯಾದ ಕನ್ಸೀಲರ್, ಅಂದರೆ ಮುಚ್ಚುವ ಕ್ರೀಮ್, ಹಚ್ಚುತ್ತೇವೆ. ಆ ಜಾಗ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹೊಗೆ ಹಿಡಿದ ಅಡುಗೆಮನೆಯ ಗೋಡೆಗೆ ಒಂದೇ ಕೈ ಸುಣ್ಣ ಹೊಡೆದರೆ ಬರುವ ನೀಲಿಬೂದು ನೋಡಿದ್ದೀರಲ್ಲ, ಅದೇ ಇದು. ಬಿಳಿ ಕಣಗಳ ತೆಳು ಪದರ ಕಪ್ಪಿನ ಮೇಲೆ ಕುಳಿತಾಗ ನೀಲಿಯ ಕಡೆಯ ಬೆಳಕನ್ನು ಹೆಚ್ಚು ಚದುರಿಸುತ್ತದೆ, ಉಳಿದದ್ದನ್ನು ಕೆಳಗಿನ ಕಪ್ಪು ನುಂಗುತ್ತದೆ. ಚಿತ್ರಕಾರರಿಗೆ ಇದು ಬಹಳ ಕಾಲದಿಂದ ಗೊತ್ತು. ಕನ್ಸೀಲರ್‌ನಲ್ಲಿರುವ ಬಿಳಿ ಟೈಟಾನಿಯಂ ಡೈಆಕ್ಸೈಡ್, ಅದರ ವರ್ತನೆಯೂ ಸುಣ್ಣದ್ದೇ.

ಆ ನೀಲಿಬೂದುವನ್ನು ಕೊಲ್ಲುವ ಬಣ್ಣ ಕಿತ್ತಳೆ. ಬಣ್ಣಗಳ ಚಕ್ರದಲ್ಲಿ ಎದುರುಬದುರು ಕುಳಿತವು ಒಂದನ್ನೊಂದು ಅಳಿಸುತ್ತವೆ: ನೀಲಿಗೆ ಕಿತ್ತಳೆ, ನೇರಳೆಗೆ ಹಳದಿ, ಕೆಂಪಿಗೆ ಹಸಿರು. ಗೋಧಿ ಬಣ್ಣದ ಚರ್ಮದ ಮೇಲಿನ ಕಪ್ಪು ಕಲೆಗೆ ಪೀಚ್ ಹಣ್ಣಿನ ಬಣ್ಣ ಸಾಕು. ನಡುಗಂದು ಚರ್ಮಕ್ಕೆ ಕಿತ್ತಳೆ, ಗಾಢ ಕಂದಿಗೆ ಇಟ್ಟಿಗೆಗೆಂಪಿಗೆ ಹತ್ತಿರದ ಕಿತ್ತಳೆ. ಕೆಂಪಿಗೆ ಹಸಿರು ಎಂಬ ಸೂತ್ರವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಅದು ಬಿಳಿ ಚರ್ಮದವರ ಪೆಟ್ಟಿಗೆಯಿಂದ ಬಂದ ಸೂತ್ರ. ಕಂದು ಚರ್ಮದ ಮೇಲಿನ ಹೊಸ ಕೆಂಗಲೆಗೆ ಪುದೀನದಂಥ ಹಸಿರು ಹಚ್ಚಿದರೆ ಮತ್ತೆ ಬೂದಿಯೇ ಬರುತ್ತದೆ. ನಾನು ಅಲ್ಲಿ ಹಳದಿಯನ್ನು ಬಳಸುತ್ತೇನೆ. ಬಿಳಿಚಿದ ಹಳೆಯ ಕಲೆಗೆ ಯಾವ ಎದುರುಬಣ್ಣವೂ ಬೇಕಿಲ್ಲ. ಅಲ್ಲಿ ಅಳಿಸಬೇಕಾದ ಬಣ್ಣವಿಲ್ಲ, ಇರಬೇಕಾದ ಬಣ್ಣ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಒಂದು ಕೂದಲೆಳೆಯಷ್ಟು ಬೆಚ್ಚನೆಯ ಕಂದನ್ನು ತೆಳುವಾಗಿ ಎರಡು ಮೂರು ಬಾರಿ ಕೊಡಿ.

ಈ ಎದುರುಬಣ್ಣದ ಕ್ರೀಮ್‌ಗೆ ಕರೆಕ್ಟರ್ ಎನ್ನುತ್ತೇವೆ. ಅದು ಕಲೆಯ ಗಡಿ ದಾಟಬಾರದು. ಚೂಪು ಬ್ರಷ್ ತೆಗೆದುಕೊಂಡು ಕಪ್ಪಿನ ಒಳಗೆ ಮಾತ್ರ ಹಚ್ಚಿ. ಕೆನ್ನೆಗೆಲ್ಲ ಕಿತ್ತಳೆ ಬಳಿದು ಆಮೇಲೆ ಅದನ್ನು ಮುಚ್ಚಲು ಮತ್ತೊಂದು ಡಬ್ಬಿ ಖಾಲಿ ಮಾಡುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನೋಡಲು ಮೋಜು, ಹಚ್ಚಿಕೊಂಡವರಿಗೆ ಸೆಕೆ.

ಇಲ್ಲಿ ಫ್ರಾನ್ಸಿನ ಒಂದು ಕಥೆ ನೆನಪಾಗುತ್ತದೆ. ಮಿಷೆಲ್ ಷೆವ್ರೋಲ್ ಎಂಬ ರಸಾಯನಶಾಸ್ತ್ರಜ್ಞ ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ. ಕಪ್ಪು ನೂಲಿನ ಬಣ್ಣ ಸಪ್ಪೆಯಾಗಿದೆ ಎಂದು ಅವನಿಗೆ ದೂರು ಬರುತ್ತಿತ್ತು. ನೂಲನ್ನು ಪರೀಕ್ಷಿಸಿದರೆ ಕಪ್ಪಿನಲ್ಲಿ ದೋಷವೇನೂ ಇಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ನೂಲುಗಳು ಅದನ್ನು ಸಪ್ಪೆಯಾಗಿ ಕಾಣಿಸುತ್ತಿದ್ದವು. ಪಕ್ಕಪಕ್ಕದ ಬಣ್ಣಗಳು ಒಂದರ ತೋರಿಕೆಯನ್ನು ಇನ್ನೊಂದು ಬದಲಿಸುತ್ತವೆ ಎಂಬುದನ್ನು ಅವನು 1839ರಲ್ಲಿ ಒಂದು ದೊಡ್ಡ ಪುಸ್ತಕವಾಗಿಯೇ ಬರೆದ. ನಮ್ಮ ಮದುವೆ ಮನೆಗಳಲ್ಲಿ ನಡೆಯುವುದೂ ಇದೇ. ಹುಡುಗಿಯ ಇಡೀ ಮುಖವನ್ನು ಅವಳ ಬಣ್ಣಕ್ಕಿಂತ ಬೆಳ್ಳಗೆ ಮಾಡಿದ ಕೂಡಲೇ ಕೆನ್ನೆಯ ಕಲೆ ಮೊದಲಿಗಿಂತ ಕಪ್ಪಾಗಿ ಕಾಣುತ್ತದೆ. ಕಲೆ ಇದ್ದಲ್ಲೇ ಇದೆ, ನೆರೆಮನೆಯವರು ಬದಲಾಗಿದ್ದಾರೆ. ಆಗ ‘ಇನ್ನೂ ಕಾಣಿಸುತ್ತಿದೆ, ಇನ್ನೊಂದು ಕೋಟ್ ಹಾಕಿ’ ಎಂಬ ಕೂಗು ಏಳುತ್ತದೆ. ಅವಳ ಬಣ್ಣವನ್ನು ಅವಳಿಗೇ ಬಿಟ್ಟರೆ ಕಲೆ ಮುಚ್ಚುವ ಕೆಲಸ ಅರ್ಧ ಮುಗಿಯಿತು. ‘ಸ್ವಲ್ಪ ಬೆಳ್ಳಗೆ ಮಾಡಿ’ ಎಂದವರಿಗೆ ನಾನು ಇದನ್ನೇ ಹೇಳುತ್ತೇನೆ: ಬೆಳ್ಳಗೆ ಬೇಕಾದರೆ ಕಲೆ ಕಾಣಿಸುತ್ತದೆ, ಕಲೆ ಕಾಣಬಾರದೆಂದರೆ ಬೆಳ್ಳಗೆ ಬೇಡ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಬಣ್ಣ ಹೊಂದಿಸುವುದನ್ನು ಮಣಿಕಟ್ಟಿನ ಮೇಲೆ ಮಾಡಬೇಡಿ. ಅಂಗಡಿಯವರು ಅಲ್ಲಿಯೇ ತೀಡಿ ತೋರಿಸುತ್ತಾರೆ, ಅವರಿಗೆ ಅದು ಅನುಕೂಲ. ಕಲೆಯ ಪಕ್ಕದ ಚರ್ಮದ ಮೇಲೆಯೇ ಹಚ್ಚಿ, ಕಿಟಕಿಯ ಬೆಳಕಿನಲ್ಲಿ ನೋಡಿ. ನಮ್ಮ ಮುಖದಲ್ಲಿ ಒಂದೇ ಬಣ್ಣ ಎಲ್ಲಿದೆ? ಹಣೆ ಕೆನ್ನೆಗಿಂತ ಕಪ್ಪು, ಬಾಯಿಯ ಸುತ್ತ ಇನ್ನೊಂದು ಬಣ್ಣ, ಕುತ್ತಿಗೆಗೆ ಮತ್ತೊಂದು. ಹಣೆಯ ಕಲೆಗೆ ಹಣೆಯ ಬಣ್ಣವನ್ನೇ, ಗಲ್ಲದ ಕಲೆಗೆ ಗಲ್ಲದ ಬಣ್ಣವನ್ನೇ ಕಲಸಬೇಕು. ಸರಿಯಾದ ಬಣ್ಣ ಒಂದೇ ಡಬ್ಬಿಯಲ್ಲಿ ಸಿಗುವುದು ಅಪರೂಪ. ಎರಡು ಬಣ್ಣ ಕಲಸಲು ಹೆದರಬೇಡಿ.

ಕಲೆ ಮುಚ್ಚುವ ಕ್ರೀಮ್‌ಗಳು ಎಲ್ಲಿಂದ ಬಂದವು ಎಂದು ಸಂಕ್ಷಿಪ್ತವಾಗಿ ಹೇಳುತ್ತೇನೆ. ಅಮೆರಿಕದ ಲಿಡಿಯಾ ಓಲಿಯರಿ ಎಂಬ ಮಹಿಳೆಯ ಮುಖದ ಮೇಲೆ ಹುಟ್ಟಿನಿಂದಲೇ ದ್ರಾಕ್ಷಾರಸದ ಬಣ್ಣದ ದೊಡ್ಡ ಮಚ್ಚೆ ಇತ್ತು. ಅದರಿಂದಾಗಿ ಕೆಲಸ ಸಿಗದೆ ಅಲೆದವರು ಅವರು. ಮಾರುಕಟ್ಟೆಯಲ್ಲಿದ್ದ ಯಾವುದೂ ಅದನ್ನು ಮುಚ್ಚದಿದ್ದಾಗ ತಾವೇ ಒಂದು ಕ್ರೀಮ್ ಮಾಡಿದರು. ಅದಕ್ಕೆ 1932ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ಕವರ್‌ಮಾರ್ಕ್ ಎಂಬ ಹೆಸರು ಇಂದಿಗೂ ಇದೆ. ನಮ್ಮ ರಂಗಭೂಮಿಯವರಿಗೆ ಪರಿಚಯವಾದ, ಒದ್ದೆ ಸ್ಪಂಜಿನಿಂದ ಹಚ್ಚುವ ಪ್ಯಾನ್‌ಕೇಕ್ ಬಂದದ್ದು ಅದೇ ದಶಕದಲ್ಲಿ, ಬಣ್ಣದ ಸಿನಿಮಾಕ್ಕಾಗಿ, ಮ್ಯಾಕ್ಸ್ ಫ್ಯಾಕ್ಟರ್ ಕಂಪನಿಯಿಂದ. ಈಗ ನಮ್ಮ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವ ಕ್ರಯೋಲಾನ್ 1945ರಲ್ಲಿ ಬರ್ಲಿನ್‌ನಲ್ಲಿ ಶುರುವಾದದ್ದು. ಮೂಲದಲ್ಲಿ ಅದು ನಾಟಕದವರ ಬಣ್ಣ, ಕಲೆ ಮುಚ್ಚಲೆಂದೇ ಅದರಲ್ಲಿ ಪ್ರತ್ಯೇಕ ಸಾಲು ಇದೆ. ಕಲೆ ಮುಚ್ಚುವ ಈ ಕ್ರೀಮ್‌ಗಳು ಸಾಮಾನ್ಯ ಫೌಂಡೇಶನ್‌ನಂತಲ್ಲ. ಬಣ್ಣದ ಕಣಗಳು ದಟ್ಟವಾಗಿರುತ್ತವೆ, ಮೇಣ ಮತ್ತು ಎಣ್ಣೆಯ ಆಧಾರವಿರುತ್ತದೆ. ಹಾಗಾಗಿ ನೀರಿಗೆ ಜಗ್ಗುವುದಿಲ್ಲ. ಕಡಲೆಕಾಳಿನಷ್ಟು ತೆಗೆದರೆ ಒಂದು ಅಂಗೈ ಅಗಲಕ್ಕೆ ಸಾಕು.

ಮುಚ್ಚುವ ಇತಿಹಾಸದಲ್ಲಿ ನನಗೆ ಹೆಚ್ಚು ಇಷ್ಟವಾದವರು ಮುಚ್ಚದೆ ದಾರಿ ಕಂಡವರು. ಹದಿನೇಳು, ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಸಿಡುಬಿನ ಗುಳಿಗಳ ಮೇಲೆ ಕಪ್ಪು ರೇಷ್ಮೆ, ಮಖಮಲ್ಲಿನ ಚಿಕ್ಕ ತುಣುಕುಗಳನ್ನು ಅಂಟಿಸಿಕೊಳ್ಳುತ್ತಿದ್ದರು: ಚಂದ್ರ, ನಕ್ಷತ್ರ, ಹೃದಯದ ಆಕಾರದಲ್ಲಿ. ಕಲೆಯಿಲ್ಲದವರೂ ಅಂಟಿಸಿಕೊಳ್ಳತೊಡಗಿ ಅದೊಂದು ಫ್ಯಾಷನ್ನೇ ಆಯಿತು. ಅಷ್ಟು ದೂರ ಏಕೆ, ಹಣೆಯ ಮಧ್ಯದ ಗಾಯದ ಗುರುತಿನ ಮೇಲೆ ಕಾಸಿನಗಲ ಕುಂಕುಮ ಇಡುತ್ತಿದ್ದ ಅಜ್ಜಿಯರು ನಿಮ್ಮ ಮನೆಯಲ್ಲಿಯೂ ಇದ್ದಿರಬಹುದು.

ಸಿಡುಬು ಎಂದಾಗ ಮೈಸೂರನ್ನು ಬಿಡುವ ಹಾಗಿಲ್ಲ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಕಲಾವಿದ ಬರೆದ ಒಂದು ತೈಲಚಿತ್ರದಲ್ಲಿ ಮೂವರು ರಾಜಮನೆತನದ ಮಹಿಳೆಯರಿದ್ದಾರೆ. ಮೈಸೂರಿನ ಒಡೆಯರ ಮನೆಯವರೆಂದು ಇತಿಹಾಸಕಾರರು ಅವರನ್ನು ಗುರುತಿಸಿದ್ದಾರೆ. ಬಲಗಡೆಯ ಕಿರಿಯ ರಾಣಿ ಸೆರಗು ಸರಿಸಿ ಮೇಲ್ದೋಳನ್ನು ತೋರಿಸುತ್ತಿದ್ದಾಳೆ. ಆಗಷ್ಟೇ ಬಂದಿದ್ದ ಲಸಿಕೆ ಹಾಕಿಸಿಕೊಂಡ ಜಾಗವದು ಎಂಬುದು ಇತಿಹಾಸಕಾರರ ಓದು. ಎಡಗಡೆಯ ರಾಣಿಯ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಮಾಸಿದೆ. ಲಸಿಕೆಗೂ ಮೊದಲು ಸಿಡುಬಿನ ಹುರುಪೆಯ ಪುಡಿಯನ್ನು ಮೂಗಿಗೆ ಊದುವ ಪದ್ಧತಿಯಿತ್ತು, ಅದರ ಗುರುತು ಇದಾಗಿರಬೇಕು ಎನ್ನುತ್ತಾರೆ. ನಾನು ಆ ಚಿತ್ರವನ್ನು ಮೇಕಪ್‌ನವಳ ಕಣ್ಣಿನಿಂದ ನೋಡುತ್ತೇನೆ. ಚಿತ್ರಕಾರನಿಗೆ ಒಂದೇ ಬ್ರಷ್ ಎಳೆತದಲ್ಲಿ ಆ ಮಾಸಿದ ಬಣ್ಣವನ್ನು ಮುಚ್ಚಿಬಿಡಬಹುದಿತ್ತು. ಮುಚ್ಚಿಲ್ಲ. ಆದರೂ ಮೊದಲ ನೋಟಕ್ಕೆ ಕಾಣುವುದು ಅವರ ನಿಲುವು, ಆಭರಣ, ಜರತಾರಿ ಸೀರೆ. ಯಾರಾದರೂ ಹೇಳಿದ ಮೇಲಷ್ಟೇ ಬಾಯಿಯ ಸುತ್ತಲಿನ ಬಣ್ಣ ಕಾಣಿಸುತ್ತದೆ. ನೀವು ಮದುಮಗಳಿಗೆ ಬುಗುಡಿ, ಮೂಗುತಿ ಆರಿಸುವಾಗಲೂ ಇದು ಕೆಲಸಕ್ಕೆ ಬರುತ್ತದೆ. ಎಡಗೆನ್ನೆಯಲ್ಲಿ ಕಲೆಯಿದ್ದರೆ ಅದೇ ಬದಿಗೆ ಜೋಲಾಡುವ ಕೆನ್ನೆಸರಪಳಿ ಬೇಡ. ಅಲುಗಾಡುವ ವಸ್ತು ಕಣ್ಣನ್ನು ಅಲ್ಲಿಗೇ ಕರೆಯುತ್ತದೆ. ಕಣ್ಣಿನ ಕಾಡಿಗೆ ತೀಡುವಾಗ ಧೈರ್ಯ ಮಾಡಿ, ನೋಟ ಕಲೆಯನ್ನು ಬಿಟ್ಟು ಅಲ್ಲಿಗೆ ಹೋಗುತ್ತದೆ.

ಇನ್ನು ಕೈಕೆಲಸ. ಕುಕ್ಕರ್‌ನ ಹಬೆ ಹೊಡೆದು ದವಡೆಯಿಂದ ಕುತ್ತಿಗೆಯವರೆಗೆ ಕಲೆಯಾದ ಒಬ್ಬ ಶಿಕ್ಷಕಿಯನ್ನು ನೆನೆದುಕೊಂಡು ಹೇಳುತ್ತೇನೆ, ಏಕೆಂದರೆ ಅವರಿಗೆ ಬೇಕಾಗಿದ್ದದ್ದು ಒಂದು ದಿನದ ಮದುವೆ ಮೇಕಪ್ ಅಲ್ಲ, ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ತಾವೇ ಮಾಡಿಕೊಳ್ಳಬಹುದಾದದ್ದು. ಕಲೆ ಹಳೆಯದು, ಒಂದು ಭಾಗ ಬಿಳಿ, ಅಂಚು ಕಂದು. ಮೊದಲು ಮಾಯಿಶ್ಚರೈಸರ್. ಕಲೆಯಲ್ಲಿ ಎಣ್ಣೆಯ ಗ್ರಂಥಿ ಇಲ್ಲವೆಂದು ಆಗಲೇ ಹೇಳಿದೆನಲ್ಲ, ಒಣಗಿದ ಕಲೆಯ ಮೇಲೆ ಕ್ರೀಮ್ ಕೂತರೆ ಮಧ್ಯಾಹ್ನದ ಹೊತ್ತಿಗೆ ಬಿರುಕು ಬಿಡುತ್ತದೆ. ಹಚ್ಚಿದ ಮೇಲೆ ಕಾಯಬೇಕು. ಆ ಹೊತ್ತಿನಲ್ಲಿ ಅವರು ಜಡೆ ಹೆಣೆದುಕೊಳ್ಳಲಿ, ಮಕ್ಕಳ ಡಬ್ಬಿ ಕಟ್ಟಲಿ. ಚರ್ಮ ಅದನ್ನು ಹೀರಿಕೊಂಡ ಮೇಲೆ ಸನ್‌ಸ್ಕ್ರೀನ್. ಬಿಸಿಲಿಗೆ ಕಲೆಯ ಅಂಚು ಇನ್ನಷ್ಟು ಕಪ್ಪಾಗುತ್ತದೆ, ಆದ್ದರಿಂದ ಮೇಕಪ್ ಹಚ್ಚದ ದಿನವೂ ಇದು ತಪ್ಪಬಾರದು.

ಆಮೇಲೆ ಕಂದು ಅಂಚಿಗೆ ಮಾತ್ರ ತೆಳುವಾಗಿ ಕಿತ್ತಳೆ. ಮುಚ್ಚುವ ಕ್ರೀಮನ್ನು ಡಬ್ಬಿಯಿಂದ ನೇರವಾಗಿ ಮುಖಕ್ಕೆ ಒಯ್ಯಬಾರದು. ಅಂಗೈ ಹಿಂಬದಿಗೆ ಹಾಕಿ ಬೆರಳಿನಿಂದ ಸ್ವಲ್ಪ ತೀಡಿದರೆ ಮೈಯ ಬಿಸಿಗೆ ಮೇಣ ಮೆತ್ತಗಾಗುತ್ತದೆ. ಉಂಗುರದ ಬೆರಳಿನಿಂದ ತಟ್ಟಿ ಕೂರಿಸಿ. ಕಲೆಯ ಗಡಿಯಿಂದ ಒಂದು ಬೆರಳಗಲ ಆಚೆಯವರೆಗೆ ಕೊಂಡೊಯ್ದು ಅಲ್ಲಿ ಏನೂ ಇಲ್ಲದಂತೆ ತೆಳುವಾಗಿಸಿ. ಅಂಚು ಕಾಣಿಸುತ್ತದೆಯೇ ಎಂದು ನೋಡಲು ಒಂದು ಉಪಾಯವಿದೆ: ಕಣ್ಣುಗಳನ್ನು ಅರೆ ಮುಚ್ಚಿ ಕನ್ನಡಿ ನೋಡಿ. ತಪ್ಪು ಅಂಚಿದ್ದರೆ ತಕ್ಷಣ ಹೊರಗೆ ಬರುತ್ತದೆ. ಮೇಲೆ ಬಣ್ಣವಿಲ್ಲದ ಪೌಡರನ್ನು ಪಫ್‌ನಿಂದ ಒತ್ತಿ, ಧಾರಾಳವಾಗಿ. ಕೆಲವು ನಿಮಿಷ ಬಿಟ್ಟು ಹೆಚ್ಚಿನದನ್ನು ಮೃದುವಾದ ಬ್ರಷ್‌ನಿಂದ ಕೊಡವಿ. ಈ ಕಾಯುವಿಕೆಯನ್ನು ಬಿಟ್ಟರೆ ಕ್ರೀಮ್ ರವಿಕೆಯ ಕುತ್ತಿಗೆಗೆ ಅಂಟುತ್ತದೆ, ಮನೆಗೆ ಬಂದು ಬಟ್ಟೆ ಒಗೆಯುವ ಕೆಲಸ ಹೆಚ್ಚಾಗುತ್ತದೆ.

ಇಲ್ಲಿಗೆ ಹೆಚ್ಚಿನವರು ನಿಲ್ಲಿಸುತ್ತಾರೆ. ನನ್ನ ಪ್ರಕಾರ ಸಹಜತೆ ಬರುವುದು ಇದರ ನಂತರದ ಎರಡು ನಿಮಿಷದಲ್ಲಿ. ಈಗ ಕಲೆಯ ಜಾಗ ಒಂದೇ ಬಣ್ಣದಲ್ಲಿ ನುಣ್ಣಗೆ ಇದೆ, ಸುತ್ತಲಿನ ಚರ್ಮ ಹಾಗಿಲ್ಲ. ಅಲ್ಲಿ ರಂಧ್ರಗಳಿವೆ, ಚುಕ್ಕೆಗಳಿವೆ, ಒಂದೆರಡು ಮಚ್ಚೆಗಳಿವೆ, ಬಣ್ಣದ ಏರಿಳಿತಗಳಿವೆ. ಸ್ಟಿಪ್ಪಲ್ ಸ್ಪಂಜ್ ಎಂಬ ಒರಟು ಜಾಲರಿಯ ಸ್ಪಂಜ್ ಸಿಗುತ್ತದೆ. ನಾಟಕದಲ್ಲಿ ಅದರಿಂದ ಕುರುಚಲು ಗಡ್ಡದ ನೆರಳು ಹಾಕುತ್ತೇವೆ. ಅದಕ್ಕೆ ಚೂರೇ ಚೂರು ಕಂದು ಹಿಡಿಸಿ, ಹೆಚ್ಚಿನದನ್ನು ಕಾಗದಕ್ಕೆ ಒರೆಸಿ, ಕಲೆಯ ಜಾಗದ ಮೇಲೆ ಹಗುರವಾಗಿ ಮುಟ್ಟಿಸಿ. ಚುಕ್ಕೆಗಳು ಸಾಲಾಗಿ ಬೀಳದಂತೆ ಸ್ಪಂಜನ್ನು ಪ್ರತಿ ಬಾರಿ ತಿರುಗಿಸಿ. ನಾವು ಕಷ್ಟಪಟ್ಟು ಶುದ್ಧ ಮಾಡಿದ ಜಾಗವನ್ನು ಮತ್ತೆ ಗಲೀಜು ಮಾಡುತ್ತಿದ್ದೇವೆ ಎನ್ನಿಸುತ್ತದೆ. ಮಾಡಿ ನೋಡಿ, ಆ ಜಾಗ ಸುತ್ತಲಿನ ಮುಖದೊಳಗೆ ಕರಗಿಬಿಡುತ್ತದೆ. ದೊಡ್ಡ ಸುಟ್ಟಗಾಯಗಳಿಗೆ ತೊಡೆಯ ಚರ್ಮ ತೆಗೆದು ಕಸಿ ಮಾಡಿದವರಲ್ಲಿ ಎರಡು ಕಷ್ಟಗಳು: ಕಸಿಯ ಬಣ್ಣ ಬೇರೆ, ಮತ್ತು ಕೆಲವರಲ್ಲಿ ಬಲೆಯಂಥ ಗುರುತು ಉಳಿದಿರುತ್ತದೆ. ಆ ಬಲೆಯನ್ನು ಪೂರ್ತಿ ಅಳಿಸಲು ಹೋಗಬೇಡಿ. ಬಣ್ಣ ಸರಿಮಾಡಿ ಚುಕ್ಕೆಗಳಿಂದ ಅದರ ಕ್ರಮವನ್ನು ಕೆಡಿಸಿದರೆ ಸಾಕು.

ಗುಳಿಬಿದ್ದ ಮೊಡವೆ ಕಲೆಗಳ ಬಗ್ಗೆ ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ಗುಳಿ ಕಾಣುವುದು ಅದರೊಳಗಿನ ನೆರಳಿನಿಂದ, ನೆರಳು ಬೀಳುವುದು ಬೆಳಕು ಓರೆಯಾಗಿ ಬಂದಾಗ. ತಲೆಯ ಮೇಲೆ ನೇರವಾಗಿ ಒಂದೇ ದೀಪವಿರುವ ಕೋಣೆಯಲ್ಲಿ ಬೆಳಕು ಕೆನ್ನೆಯನ್ನು ಓರೆಯಾಗಿ ಸವರಿ ಇಳಿಯುತ್ತದೆ, ಎಂಥ ಚರ್ಮವೂ ಗುಳಿಗುಳಿಯಾಗಿ ಕಾಣುತ್ತದೆ. ಅಂಥ ಕನ್ನಡಿಯ ಮುಂದೆ ಕೂತು ಮೇಕಪ್ ಮಾಡಿಕೊಂಡರೆ ನೀವು ಬೇಕಾದ್ದಕ್ಕಿಂತ ಮೂರು ಪಟ್ಟು ಹಚ್ಚುತ್ತೀರಿ. ಗುಳಿಯೊಳಗೆ ಕ್ರೀಮ್ ತುಂಬಿಸಲು ಹೋದರೆ ಅದು ತಳದಲ್ಲಿ ಗಂಟಾಗಿ ಕೂತು ಗುಳಿಗೆ ಅಂಚು ಬರೆಯುತ್ತದೆ. ಫೌಂಡೇಶನ್‌ಗೆ ಮೊದಲು ಹಚ್ಚುವ, ಸಿಲಿಕೋನ್ ಇರುವ ಪ್ರೈಮರನ್ನು ಬೆರಳಿನಿಂದ ಗುಳಿಗಳೊಳಗೆ ಒತ್ತಿ, ಮೇಲೆ ಬಹಳ ತೆಳುವಾದ ಫೌಂಡೇಶನ್ ಕೊಡಿ. ಮಿನುಗುವ ಹೈಲೈಟರ್ ಕೆನ್ನೆಯ ಹತ್ತಿರ ಸುಳಿಯಬಾರದು. ಉಬ್ಬಿದ ಕಲೆಗೂ ಇದೇ ಮಾತು: ಹೊಳಪು ತೆಗೆಯಿರಿ, ಬಣ್ಣ ಹೊಂದಿಸಿ, ಉಬ್ಬನ್ನು ಅದರ ಪಾಡಿಗೆ ಬಿಡಿ.

ಹುಬ್ಬಿನ ನಡುವೆ ಕೂದಲಿಲ್ಲದ ಗೆರೆಯಿದ್ದರೆ ಪೆನ್ಸಿಲ್‌ನಿಂದ ತುಂಬಬೇಡಿ, ಒಂದೊಂದೇ ಕೂದಲಿನಂತೆ ಎಳೆಯಿರಿ. ಗಂಡಸರ ಗಡ್ಡದೊಳಗಿನ ಕಲೆಗೆ ಮುಚ್ಚುವ ಕ್ರೀಮ್ ಹಚ್ಚಿದರೆ ಅದು ಇನ್ನೂ ಬೋಳಾಗಿ ಕಾಣುತ್ತದೆ. ಅಲ್ಲಿ ಸ್ಟಿಪ್ಪಲ್ ಸ್ಪಂಜಿನ ಕಪ್ಪುಗಂದು ಚುಕ್ಕೆ ಬೇಕು. ಸೀಳುತುಟಿಯ ಶಸ್ತ್ರಚಿಕಿತ್ಸೆಯ ಗೆರೆ ಇರುವವರಿಗೆ ತುಟಿಯ ಅಂಚನ್ನು ಎರಡೂ ಬದಿ ಸಮನಾಗಿ ಬರೆದು, ಹೊಳೆಯದ ಲಿಪ್‌ಸ್ಟಿಕ್ ಹಚ್ಚಿದರೆ ಬಹುಪಾಲು ಕೆಲಸ ಆಯಿತು.

ಫೋಟೋದವರು ನಮ್ಮ ಮೇಲೆ ಹೊರಿಸುವ ಒಂದು ದೂರಿದೆ: ‘ಎದುರಿಗೆ ಚೆನ್ನಾಗಿತ್ತು, ಆಲ್ಬಮ್‌ನಲ್ಲಿ ಕಲೆಯ ಜಾಗ ಬೆಳ್ಳಗೆ ಹೊಳೆಯುತ್ತಿದೆ.’ ಸಿಲಿಕಾ ಇರುವ ಬಿಳಿ ಪೌಡರ್ ಹೆಚ್ಚು ಉಳಿದಿದ್ದರೆ ಫ್ಲ್ಯಾಷ್ ಬೆಳಕು ಅದಕ್ಕೆ ಬಡಿದು ನೇರವಾಗಿ ಕ್ಯಾಮೆರಾಕ್ಕೆ ಮರಳುತ್ತದೆ. ಮುಹೂರ್ತಕ್ಕೆ ಮೊದಲೇ ನಿಮ್ಮ ಮೊಬೈಲ್‌ನಲ್ಲಿ ಫ್ಲ್ಯಾಷ್ ಹಾಕಿ ಒಂದು ಚಿತ್ರ ತೆಗೆದು ನೋಡಿ. ಮುಂದಿನ ಕ್ಯಾಮೆರಾ ಬೇಡ, ಅದು ತಾನೇ ಮುಖ ತಿದ್ದಿ ತೋರಿಸುತ್ತದೆ.

ಕಲೆ ಮುಚ್ಚಲು ಬರುವವರ ಜೊತೆ ತಾಯಿಯೋ ಅತ್ತಿಗೆಯೋ ಬಂದೇ ಬರುತ್ತಾರೆ. ಮಾತೆಲ್ಲ ಅವರದ್ದೇ. ‘ನಾಳೆ ಗಂಡಿನ ಕಡೆಯವರು ನೋಡಲು ಬರುತ್ತಾರೆ, ಒಂದು ಚೂರೂ ಕಾಣಿಸಬಾರದು.’ ನಾನು ಕುರ್ಚಿಯಲ್ಲಿ ಕೂತವಳನ್ನೇ ಕೇಳುತ್ತೇನೆ: ‘ನಿನಗೆ ಎಷ್ಟು ಮುಚ್ಚಬೇಕಮ್ಮ?’ ಅನೇಕರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರುವುದೇ ಇಲ್ಲ. ಒಬ್ಬಳು ತಾಯಿಯ ಎದುರಿಗೇ ಹೇಳಿದಳು, ‘ಕುತ್ತಿಗೆಯದ್ದು ಹಾಗೇ ಇರಲಿ ಅಕ್ಕ, ಕೆನ್ನೆಯದ್ದು ಮಾತ್ರ ಮುಚ್ಚಿ. ಅವರು ಕೇಳಿದರೆ ನಾನೇ ಹೇಳುತ್ತೇನೆ.’ ಹೆಣ್ಣು ನೋಡುವ ದಿನ ಪೂರ್ತಿ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ನೀತಿಪಾಠಕ್ಕಾಗಿ ಹೇಳುತ್ತಿಲ್ಲ. ಮದುವೆಯ ಮಾರನೆಯ ಬೆಳಿಗ್ಗೆ ಆ ಮನೆಯ ಹಿತ್ತಲಲ್ಲಿ ಮುಖ ತೊಳೆಯಬೇಕಾದವಳು ಅವಳು, ನಾನಲ್ಲ. ಮದುವೆಯ ದಿನ ಮುಚ್ಚುವುದು ಬೇರೆ. ಅದು ಎಲ್ಲರಿಗೂ ಗೊತ್ತಿರುವ ಮುಖಕ್ಕೆ ಅಲಂಕಾರ. ಆಸಿಡ್ ದಾಳಿಗೊಳಗಾದವರು, ದೊಡ್ಡ ಬೆಂಕಿ ಅವಘಡ ದಾಟಿದವರು ಬಂದಾಗ ಈ ಪ್ರಶ್ನೆಯನ್ನು ಇನ್ನೂ ನಿಧಾನವಾಗಿ ಕೇಳಬೇಕು. ಕೆಲವರಿಗೆ ಬಸ್ಸಿನಲ್ಲಿ ಯಾರೂ ತಿರುಗಿ ನೋಡದ ಒಂದು ದಿನ ಬೇಕಿರುತ್ತದೆ. ಕೆಲವರಿಗೆ ಹುಬ್ಬೊಂದನ್ನು ಬರೆದುಕೊಟ್ಟರೆ ಸಾಕು, ಉಳಿದದ್ದು ಇದ್ದ ಹಾಗೆಯೇ ಇರಲಿ ಎನ್ನುತ್ತಾರೆ. ಅವರು ಹೇಳಿದಷ್ಟಕ್ಕೇ ನಿಲ್ಲುವುದು ನಮ್ಮ ಕೆಲಸ.

ಕೊನೆಯದಾಗಿ, ಬೆವರು ಮತ್ತು ನೀರಿನ ಬಗ್ಗೆ ಕೇಳಿದ್ದೀರಿ. ಪೌಡರ್ ಸರಿಯಾಗಿ ಕೂತಿದ್ದರೆ ಹೋಮದ ಬೆವರಿಗೆ, ಕಣ್ಣೀರಿಗೆ ಈ ಕ್ರೀಮ್ ಹೋಗುವುದಿಲ್ಲ. ಕೈಯ ಮೇಲಿನ ಕಲೆ ಮುಚ್ಚಿದ್ದರೆ ಧಾರೆಯ ಹಾಲು ನೀರಿಗೂ ತಡೆಯುತ್ತದೆ. ಆದರೆ ಒರೆಸಬಾರದು. ಕರವಸ್ತ್ರವನ್ನು ಒತ್ತಿ ತೆಗೆಯಬೇಕು; ಇದನ್ನು ಮದುಮಗಳಿಗಿಂತ ಪಕ್ಕದಲ್ಲಿ ನಿಲ್ಲುವ ಸೋದರತ್ತೆಗೆ ಹೇಳಿಕೊಡಿ, ಒರೆಸುವವರು ಅವರೇ. ಈ ಕ್ರೀಮ್‌ನ ಶತ್ರು ಎಣ್ಣೆ. ಅರಿಶಿನ ಎಣ್ಣೆ ಹಚ್ಚುವ ಶಾಸ್ತ್ರದ ದಿನ ಕಲೆ ಮುಚ್ಚುವ ಕೆಲಸಕ್ಕೆ ಕೈ ಹಾಕಬೇಡಿ, ನಾಲ್ಕು ಜನ ಮುತ್ತೈದೆಯರು ಹಚ್ಚುವಷ್ಟರಲ್ಲಿ ಎಲ್ಲ ಜಾರಿ ಹೋಗಿರುತ್ತದೆ. ರಾತ್ರಿ ತೆಗೆಯುವಾಗ ಅದೇ ಎಣ್ಣೆ ಮಿತ್ರ: ಸ್ವಲ್ಪ ಕೊಬ್ಬರಿ ಎಣ್ಣೆ ತಟ್ಟಿ, ಕರಗಲು ಬಿಟ್ಟು, ಹತ್ತಿಯಿಂದ ಎತ್ತಿ ತೆಗೆಯಿರಿ, ಆಮೇಲೆ ಮುಖ ತೊಳೆಯಿರಿ. ಮೊಡವೆ ಬರುವ ಚರ್ಮದವರಿಗೆ ಕೊಬ್ಬರಿ ಎಣ್ಣೆ ಬೇಡ, ಕ್ಲೆನ್ಸಿಂಗ್ ಕ್ರೀಮ್ ಕೊಡಿ. ಹೊಸ ಡಬ್ಬಿ ಯಾವುದೇ ಇರಲಿ, ಮದುವೆಗೆ ವಾರವಿರುವಾಗಲೇ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಒಂದೆರಡು ದಿನ ಕಾದು ನೋಡಿ. ಈಗ ಕುರ್ಚಿಗಳನ್ನು ಕಿಟಕಿಯ ಕಡೆಗೆ ಎಳೆದುಕೊಳ್ಳಿ, ಈ ಟ್ಯೂಬ್‌ಲೈಟ್ ಆರಿಸಿ. ಯಾರ ಕೈಯ ಮೇಲಾದರೂ ಹಳೆಯ ಸುಟ್ಟ ಕಲೆಯಿದ್ದರೆ ಮುಂದೆ ಬನ್ನಿ, ಬಣ್ಣ ಕಲಸುವುದರಿಂದ ಶುರುಮಾಡೋಣ.